ಯಾವ ಕಾಮಿಕ್ಸ್ ಎತ್ತಿಕೊಳ್ಳಬೇಕು: ಹೊಸ ಸೂಪರ್‌ಹೀರೋ ಮತ್ತು ವೈಜ್ಞಾನಿಕ ಕಥೆಗಳ ಹೋಲಿಕೆ

ಸೂಪರ್‌ಹೀರೋ ಕಾಮಿಕ್ಸ್ ಓದಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ನಾಯಕನ ಕಥೆ ಚೆನ್ನಾಗಿದೆ ಎಂದು. ಬ್ಯಾಟ್‌ಮನ್ ಓದಲೇ, ಸ್ಪೈಡರ್‌ಮ್ಯಾನ್ ಓದಲೇ, ಇಲ್ಲವೇ ಇಬ್ಬರನ್ನೂ ಬಿಟ್ಟು ಬಾಹ್ಯಾಕಾಶದ ಕಥೆಗಳ ಕಡೆಗೆ ಹೋಗಲೇ ಎಂಬ ಪ್ರಶ್ನೆ ಸಹಜವಾದದ್ದೇ, ಆದರೆ ಈ ದಾರಿಯಲ್ಲಿ ಹೋದವರಿಗೆ ಒಳ್ಳೆಯ ಪುಸ್ತಕ ಸಿಗುವುದು ಅದೃಷ್ಟದ ಮಾತು. ಬ್ಯಾಟ್‌ಮನ್ 1939ರಿಂದ, ಸ್ಪೈಡರ್‌ಮ್ಯಾನ್ 1962ರಿಂದ ಅಚ್ಚಾಗುತ್ತಲೇ ಬಂದಿದ್ದಾರೆ. ಅವರ ಕಥೆಗಳನ್ನು ಬರೆದ ಕೈಗಳೂ ಚಿತ್ರಿಸಿದ ಕೈಗಳೂ ಎಣಿಕೆಗೆ ಸಿಗದಷ್ಟಿವೆ. ಒಂದೇ ಹೆಸರಿನ ಅಡಿಯಲ್ಲಿ ಮರೆಯಲಾಗದ ಕಥೆಯೂ ಇದೆ, ತಿಂಗಳ ಗಡುವಿಗೆ ತಲುಪಿಸಬೇಕೆಂದು ಹೇಗೋ ಮುಗಿಸಿದ ಕಥೆಯೂ ಇದೆ. ನಾಯಕನ ಹೆಸರು ನೋಡಿ ಪುಸ್ತಕ ಆರಿಸುವುದೆಂದರೆ ಊರಿನ ಹೆಸರು ಕೇಳಿ ಮನೆ ಕೊಂಡಂತೆಯೇ ಸರಿ.

ನಾನು ಈಗ ಬಳಸುವ ಅಳತೆಗೋಲು ಬೇರೆ. ಚಿತ್ರ ಬಿಡಿಸುವವರು ಯಾರು, ಅವರು ಕಥೆಯ ಕೊನೆಯವರೆಗೂ ಇರುತ್ತಾರೆಯೇ, ಆ ಕಥೆಗೆ ಕೊನೆ ಎಂಬುದೊಂದು ಇದೆಯೇ ಎಂಬ ಮೂರು ಸಂಗತಿಗಳನ್ನು ತಿಳಿದುಕೊಂಡ ಮೇಲೆಯೇ ಲೇಖಕರ ಹೆಸರು ನೋಡುತ್ತೇನೆ. ನಾಯಕನ ಹೆಸರು ಅದಕ್ಕೂ ಆಮೇಲೆ. ಇದಕ್ಕೆ ಕಾರಣ ಅಮೆರಿಕದ ಕಾಮಿಕ್ಸ್ ತಯಾರಾಗುವ ಕ್ರಮದಲ್ಲಿಯೇ ಇದೆ. ಸಾಮಾನ್ಯ ಮಾಸಿಕ ಸಂಚಿಕೆಯೊಂದರಲ್ಲಿ ಕಥೆಗೆ ಸಿಗುವುದು 20ರಿಂದ 22 ಪುಟ. ಲೇಖಕರೊಬ್ಬರು ಏಕಕಾಲದಲ್ಲಿ ಮೂರು ನಾಲ್ಕು ಸರಣಿಗಳಿಗೆ ಬರೆಯಬಲ್ಲರು, ಆದರೆ ಒಂದು ಪುಟವನ್ನು ಚಿತ್ರಿಸಲು ಚಿತ್ರಕಾರರಿಗೆ ಹೆಚ್ಚು ಕಡಿಮೆ ಒಂದು ದಿನವೇ ಬೇಕಾಗುವುದರಿಂದ ತಿಂಗಳಿಗೊಂದು ಸಂಚಿಕೆ ಮುಗಿಸುವುದೇ ಅವರಿಗೆ ಕಷ್ಟ. ಅವರು ಹಿಂದೆ ಬಿದ್ದಾಗ ಪ್ರಕಾಶಕರು ಬೇರೊಬ್ಬರನ್ನು ಕರೆತರುತ್ತಾರೆ, ಮತ್ತು ಆ ಪುಟದಿಂದ ಪಾತ್ರಗಳ ಮುಖ, ಬೀದಿಗಳ ಬೆಳಕು, ಹೊಡೆತದ ಭಾರ ಎಲ್ಲವೂ ಬದಲಾಗುತ್ತವೆ. ಹಿಂದೊಮ್ಮೆ ಮೊದಲ ಸಂಚಿಕೆಯ ಚಿತ್ರಗಳಿಗೆ ಮನಸೋತು ಒಂದು ಸರಣಿಯ ಮೂರು ಸಂಪುಟಗಳನ್ನು ಒಟ್ಟಿಗೇ ತರಿಸಿಕೊಂಡಿದ್ದೆ. ಎರಡನೆಯ ಸಂಪುಟದ ನಡುವೆ ಚಿತ್ರಕಾರರು ಬದಲಾದರು. ಕಥೆ ಅದೇ, ಸಂಭಾಷಣೆ ಬರೆದವರೂ ಅವರೇ, ಆದರೂ ನನಗೆ ಪರಿಚಯವಿದ್ದ ವ್ಯಕ್ತಿ ಆ ಪುಟಗಳಲ್ಲಿ ಇರಲಿಲ್ಲ. ಮೂರನೆಯ ಸಂಪುಟವನ್ನು ಇಂದಿಗೂ ಓದಿ ಮುಗಿಸಿಲ್ಲ.

ಹೊಸದಾಗಿ ಕಟ್ಟಿದ ಎರಡು ಲೋಕಗಳು

ಈಚಿನ ವರ್ಷಗಳಲ್ಲಿ ಹೊಸ ಓದುಗರ ಮುಂದಿರುವ ದೊಡ್ಡ ಆಯ್ಕೆ ಎರಡು ದೊಡ್ಡ ಪ್ರಕಾಶನ ಸಂಸ್ಥೆಗಳಾದ ಮಾರ್ವೆಲ್‌ನ ಹೊಸ ಅಲ್ಟಿಮೇಟ್ ಸರಣಿಗಳು ಮತ್ತು ಡಿಸಿಯ ಆಬ್ಸಲ್ಯೂಟ್ ಸರಣಿಗಳ ನಡುವಿನದು. ಹಿಂದಿನ ಯಾವ ಸಂಚಿಕೆಯನ್ನೂ ಓದಿರಬೇಕಾಗಿಲ್ಲ, ಎಲ್ಲವೂ ಮೊದಲಿನಿಂದ ಆರಂಭ ಎಂಬ ಭರವಸೆಯನ್ನು ಎರಡೂ ಕೊಡುತ್ತವೆ, ಮತ್ತು ಎರಡೂ ಅದನ್ನು ಬಹುಮಟ್ಟಿಗೆ ಉಳಿಸಿಕೊಂಡಿವೆ. ಆದರೆ ಈ ಎರಡರ ಸ್ವಭಾವ ಎಷ್ಟು ಭಿನ್ನವೆಂದರೆ, ಒಂದನ್ನು ಮೆಚ್ಚಿದವರಿಗೆ ಇನ್ನೊಂದು ಹಿಡಿಸುತ್ತದೆ ಎಂದು ಹೇಳಲಾಗದು.

2024ರ ಜನವರಿಯಲ್ಲಿ ಆರಂಭವಾದ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್‌ನ ಲೇಖಕ ಜೊನಾಥನ್ ಹಿಕ್‌ಮನ್, ಚಿತ್ರಕಾರ ಮಾರ್ಕೊ ಕೆಕೆಟ್ಟೊ. ಇಲ್ಲಿಯ ಪೀಟರ್ ಪಾರ್ಕರ್ ಶಾಲಾ ಹುಡುಗನಲ್ಲ, ಮೂವತ್ತು ದಾಟಿದ ಗೃಹಸ್ಥ. ಮೇರಿ ಜೇನ್ ಅವನ ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ಜೇಡ ಕಚ್ಚಬೇಕಿದ್ದ ಗಳಿಗೆಯನ್ನು ಮೇಕರ್ ಎಂಬ ಖಳನು ಹಿಂದೆಯೇ ತಪ್ಪಿಸಿಬಿಟ್ಟಿರುವುದರಿಂದ, ತನ್ನ ಬದುಕಿನಲ್ಲಿ ಏನೋ ಒಂದು ಇಲ್ಲವೆಂಬ ಕೊರಗು ಅವನನ್ನು ಕಾರಣ ತಿಳಿಯದೆಯೇ ಕಾಡುತ್ತಿರುತ್ತದೆ. ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಸಾಯುವ ಚಿಕ್ಕಪ್ಪ ಬೆನ್ ಇಲ್ಲಿ ಬದುಕಿದ್ದಾನೆ, ಚಿಕ್ಕಮ್ಮ ಮೇ ತೀರಿಕೊಂಡಿದ್ದಾಳೆ. ಪತ್ರಿಕಾ ಕಚೇರಿ ಬಿಟ್ಟುಬಂದ ಬೆನ್ ಮತ್ತು ಅವನ ಗೆಳೆಯ ಜೇಮ್ಸನ್ ಇಬ್ಬರೂ ಸೇರಿ ತಮ್ಮದೇ ಪತ್ರಿಕೆ ಕಟ್ಟಲು ಹೊರಡುವ ಭಾಗ, ನನ್ನ ಮಟ್ಟಿಗೆ, ಯಾವ ಕಾಳಗಕ್ಕಿಂತಲೂ ಹೆಚ್ಚು ನೆನಪಿನಲ್ಲಿ ಉಳಿದಿದೆ. ವಯಸ್ಸಾದ ಇಬ್ಬರು ಗೆಳೆಯರು ಕೆಲಸದ ಬಗ್ಗೆ ಮಾತನಾಡುತ್ತಿರುವುದನ್ನು ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಅಷ್ಟು ನಿಧಾನವಾಗಿ, ಅಷ್ಟು ಗೌರವದಿಂದ ಚಿತ್ರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಅಲ್ಟಿಮೇಟ್ ಲೋಕದ ಒಂದು ನಿಯಮವನ್ನು ಕೊಳ್ಳುವ ಮೊದಲೇ ತಿಳಿದಿರಬೇಕು: ಸಂಚಿಕೆಯಿಂದ ಸಂಚಿಕೆಗೆ ಕಥೆಯೊಳಗೂ ಸುಮಾರು ಒಂದು ತಿಂಗಳು ಕಳೆದಿರುತ್ತದೆ. ತಿಂಗಳಿಗೊಂದರಂತೆ ಓದುವವರಿಗೆ ಇದೊಂದು ಅಪರೂಪದ ಸುಖ, ಏಕೆಂದರೆ ಓದುಗನ ಕ್ಯಾಲೆಂಡರೂ ಪೀಟರನ ಕ್ಯಾಲೆಂಡರೂ ಜೊತೆಯಾಗಿಯೇ ಸರಿಯುತ್ತವೆ. ಸಂಪುಟವಾಗಿ ಒಟ್ಟಿಗೆ ಓದುವವರಿಗೆ ಮಾತ್ರ, ಮುಖ್ಯವಾದ ಎಷ್ಟೋ ಸಂಗತಿಗಳು ಎರಡು ಸಂಚಿಕೆಗಳ ನಡುವಿನ ಬಿಳಿ ಜಾಗದಲ್ಲಿ ನಡೆದುಹೋದವು ಎನಿಸಬಹುದು. ಕೆಕೆಟ್ಟೊ ಅವರ ಗೆರೆ ನುಣುಪಾದದ್ದು, ಮುಖಭಾವಗಳಲ್ಲಿ ಪಳಗಿದ್ದು. ಕೆಲವು ಸಂಚಿಕೆಗಳನ್ನು ಡೇವಿಡ್ ಮೆಸ್ಸಿನಾ ಚಿತ್ರಿಸಿದ್ದಾರೆ. ಇಬ್ಬರ ಶೈಲಿಗೂ ಬಹಳ ಅಂತರವಿಲ್ಲದಿದ್ದರೂ ಮೇರಿ ಜೇನಳ ಮುಖವನ್ನು ಗಮನಿಸುತ್ತಾ ಬಂದವರಿಗೆ ಬದಲಾವಣೆ ತಿಳಿಯದೇ ಇರದು. ಈ ಸರಣಿಯ ಪರವಾಗಿ ಹೇಳಬೇಕಾದ ಇನ್ನೊಂದು ಮಾತೆಂದರೆ, ಇಡೀ ಲೋಕವೇ ಎರಡು ವರ್ಷಗಳ ಗಡುವಿನ ಮೇಲೆ ನಿಂತಿದೆ; ಮೇಕರ್ ಮರಳಿ ಬರುವ ದಿನ ಮೊದಲೇ ಗೊತ್ತಿರುವುದರಿಂದ ಕಥೆ ದಿಕ್ಕಿಲ್ಲದೆ ಅಲೆಯುವುದಿಲ್ಲ.

ಆಬ್ಸಲ್ಯೂಟ್ ಬ್ಯಾಟ್‌ಮನ್ ಇದಕ್ಕೆ ತದ್ವಿರುದ್ಧ. 2024ರ ಅಕ್ಟೋಬರ್‌ನಲ್ಲಿ ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರಾಗೊಟ್ಟಾ ಆರಂಭಿಸಿದ ಈ ಸರಣಿಯಲ್ಲಿ ಬ್ರೂಸ್ ವೇನ್‌ಗೆ ಆಸ್ತಿಯಿಲ್ಲ, ಬಂಗಲೆಯಿಲ್ಲ, ಸೇವಕನಿಲ್ಲ. ಅವನು 24ರ ಹರೆಯದ ಸಿವಿಲ್ ಎಂಜಿನಿಯರ್. ತಂದೆ ಮೃಗಾಲಯದಲ್ಲಿ ನಡೆದ ಗುಂಡಿನ ದಾಳಿಯಲ್ಲಿ ತೀರಿಕೊಂಡಿದ್ದಾರೆ, ತಾಯಿ ಬದುಕಿದ್ದಾರೆ. ಬೇರೆ ಕಥೆಗಳಲ್ಲಿ ಅವನ ಶತ್ರುಗಳಾಗಿದ್ದ ಹಲವರು ಇಲ್ಲಿ ಬಾಲ್ಯದಿಂದಲೂ ಅವನ ಸ್ನೇಹಿತರು. ಹಣದಿಂದ ಸಿಗುತ್ತಿದ್ದ ಬಲವನ್ನೆಲ್ಲ ಕಿತ್ತುಕೊಂಡ ಮೇಲೆ ಉಳಿಯುವುದೇನು ಎಂಬುದನ್ನು ಸ್ನೈಡರ್ ಮಾತಿನಲ್ಲಿ ಕೇಳಿದರೆ ಡ್ರಾಗೊಟ್ಟಾ ಮೈಕಟ್ಟಿನಲ್ಲಿ ಉತ್ತರ ಕೊಡುತ್ತಾರೆ: ಈ ಬ್ಯಾಟ್‌ಮನ್ ಗೋಡೆಯಷ್ಟು ಅಗಲ, ಚೌಕಟ್ಟಿನ ಅಂಚುಗಳಿಗೆ ಭುಜ ತಾಗುವಷ್ಟು ದೊಡ್ಡವನು. ಎದೆಯ ಮೇಲಿನ ಬಾವಲಿ ಚಿಹ್ನೆಯನ್ನು ಅವನು ಕಳಚಿ ಕೈಗೆ ತೆಗೆದುಕೊಂಡಾಗ ಅದು ಕೊಡಲಿಯ ಅಲಗು ಎಂಬುದು ನಮಗೆ ಹೊಳೆಯುತ್ತದೆ. ಎಂಬತ್ತೈದು ವರ್ಷಗಳಿಂದ ಅಲಂಕಾರವಾಗಿದ್ದ ಒಂದು ಗುರುತು ಆ ಒಂದು ಪುಟದಲ್ಲಿ ಉಪಕರಣವಾಗಿ ಮಾರ್ಪಡುತ್ತದೆ, ಮತ್ತು ಕೈಯಿಂದ ಕೆಲಸ ಮಾಡಿ ಬದುಕುವ ಮನುಷ್ಯನಿಗೆ ಅದೇ ಸರಿಯಾದದ್ದು. ಫ್ರಾಂಕ್ ಮಾರ್ಟಿನ್ ಅವರ ಬಣ್ಣಗಳು ಈ ಒರಟುತನಕ್ಕೆ ಇನ್ನಷ್ಟು ಕಸುವು ತುಂಬುತ್ತವೆ.

ಇಲ್ಲಿಯೂ ನಾಲ್ಕನೆಯ ಸಂಚಿಕೆಯನ್ನು ಬೇರೊಬ್ಬರು, ಗೇಬ್ರಿಯಲ್ ಹೆರ್ನಾಂಡೆಜ್ ವಾಲ್ಟಾ, ಚಿತ್ರಿಸಿದ್ದಾರೆ. ಆದರೆ ಕಥೆ ಹಿಂದಿನ ದಿನಗಳಿಗೆ ಹೊರಳುವ ಜಾಗದಲ್ಲಿಯೇ ಈ ಬದಲಾವಣೆ ಬರುವುದರಿಂದ, ವಾಲ್ಟಾ ಅವರ ಮೆಲುವಾದ, ನಡುಗುವಂತಿರುವ ಗೆರೆ ನೆನಪಿನ ದನಿಯಾಗಿ ಕೆಲಸ ಮಾಡುತ್ತದೆ. ಚಿತ್ರಕಾರರು ಬದಲಾಗುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಕಥೆ ಅದನ್ನು ಬಯಸಿತ್ತೇ ಅಥವಾ ಗಡುವು ಬಯಸಿತ್ತೇ ಎಂಬುದು ಪುಟದ ಮೇಲೆ ಸ್ಪಷ್ಟವಾಗಿ ಕಾಣುತ್ತದೆ.

ಮನೆ, ಮಕ್ಕಳು, ತಡವಾಗಿ ಬಂದ ಅವಕಾಶ ಇವುಗಳ ಕಥೆ ಬೇಕೆನ್ನುವವರು ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಆರಿಸಿಕೊಳ್ಳಲಿ. ಪುಟ ತಿರುಗಿಸಿದಾಗ ಮೈ ಜುಮ್ಮೆನ್ನಬೇಕು ಎನ್ನುವವರು ಆಬ್ಸಲ್ಯೂಟ್ ಬ್ಯಾಟ್‌ಮನ್ ಆರಿಸಿಕೊಳ್ಳಲಿ. ಆದರೆ ಇವೆರಡಕ್ಕಿಂತಲೂ ಆಬ್ಸಲ್ಯೂಟ್ ವಂಡರ್ ವುಮನ್ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲ್ಲಿ ಥಾಂಪ್ಸನ್ ಬರೆದು ಹೇಡನ್ ಶರ್ಮನ್ ಚಿತ್ರಿಸುತ್ತಿರುವ ಈ ಕಥೆಯಲ್ಲಿ ನಾಯಕಿ ಡಯಾನಾ ಬೆಳೆಯುವುದು ಹಳೆಯ ಕಥೆಗಳಂತೆ ಸ್ವರ್ಗದಂಥ ದ್ವೀಪದಲ್ಲಲ್ಲ, ನರಕದಲ್ಲಿ, ಮಾಟಗಾತಿ ಸರ್ಸಿಯ ಮಡಿಲಲ್ಲಿ. ನರಕದ ಮಗಳಾದವಳು ಯಾಕೆ ಕ್ರೂರಿಯಾಗಲಿಲ್ಲ ಎಂಬ ಪ್ರಶ್ನೆಗೆ ಉಪದೇಶವಿಲ್ಲದೆ, ಸಾಕುತಾಯಿಯ ಮತ್ತು ಮಗಳ ನಡುವಿನ ಸಣ್ಣ ಸಣ್ಣ ಘಟನೆಗಳ ಮೂಲಕವೇ ಉತ್ತರ ಬೆಳೆಯುತ್ತದೆ. ಅಲ್ಲಿಗೆ ಬಂದು ಬಿದ್ದ ಸ್ಟೀವ್ ಟ್ರೆವರ್ ಎಂಬ ಮನುಷ್ಯನನ್ನು ನರಕದಿಂದ ಮೇಲಕ್ಕೆ ಕಳುಹಿಸಲು ಅವಳು ತನ್ನ ತೋಳನ್ನೇ ತೆರುವ ಭಾಗವನ್ನು ಓದಿದ ದಿನ ನನಗೆ ಮುಂದಿನ ಪುಟಕ್ಕೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಶರ್ಮನ್ ಪುಟವನ್ನು ಚೌಕಗಳಾಗಿ ಕತ್ತರಿಸುವ ಬದಲು ಘಟನೆಗೆ ತಕ್ಕ ಆಕಾರಗಳಲ್ಲಿ ಹರಡುತ್ತಾರೆ, ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಗೊಂದಲ ಮಾತ್ರ ಎಲ್ಲೂ ಆಗುವುದಿಲ್ಲ. 2025ರಲ್ಲಿ ಅತ್ಯುತ್ತಮ ಹೊಸ ಸರಣಿಗಾಗಿ ಕಾಮಿಕ್ಸ್ ಲೋಕದ ಪ್ರಮುಖ ಗೌರವವಾದ ಐಸ್ನರ್ ಪ್ರಶಸ್ತಿ ಇದಕ್ಕೆ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ.

ಅದೇ ಸಾಲಿನ ಆಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್ 2025ರ ಮಾರ್ಚ್‌ನಲ್ಲಿ ಆರಂಭವಾಯಿತು. ಡೆನಿಜ್ ಕ್ಯಾಂಪ್ ಅವರ ಬರವಣಿಗೆ, ಹಾವಿಯೆರ್ ರೊಡ್ರಿಗೆಜ್ ಅವರ ಚಿತ್ರ ಮತ್ತು ಬಣ್ಣ. ಜನರ ಮನಸ್ಸಿನಲ್ಲಿರುವುದು ಇಲ್ಲಿ ಬಣ್ಣಬಣ್ಣದ ಹೊಗೆಯಾಗಿ ಕಾಣುತ್ತದೆ, ಆದ್ದರಿಂದ ಬಣ್ಣವನ್ನು ಓದದೆ ಕಥೆಯನ್ನು ಓದಲಾಗದು. ಸೂಪರ್‌ಹೀರೋ ಕಥೆಗಳೆಂದರೆ ಮೂಗು ಮುರಿಯುವ ಓದುಗರಿಗೆ ನಾನು ಮೊದಲು ಕೊಡುವುದು ಇದನ್ನೇ.

ಒಬ್ಬನೇ ಲೇಖಕ, ಮೂವರು ಚಿತ್ರಕಾರರು

ಮುಂದಿನ ಸಂಚಿಕೆಗಾಗಿ ಕಾಯಲು ಮನಸ್ಸಿಲ್ಲದವರು ಮುಗಿದ ಕಿರುಸರಣಿಗಳಿಂದ ಆರಂಭಿಸುವುದೇ ಒಳ್ಳೆಯದು. ಇವುಗಳಲ್ಲಿ ಟಾಮ್ ಕಿಂಗ್ ಬರೆದ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಚಿತ್ರಕಾರರ ಹೆಸರನ್ನು ಮೊದಲು ನೋಡಬೇಕೆಂದು ನಾನು ಯಾಕೆ ಹಟ ಹಿಡಿಯುತ್ತೇನೆ ಎಂಬುದು ತಿಳಿಯುತ್ತದೆ. ಮೂರರಲ್ಲೂ ಲೇಖಕರ ಕಾಳಜಿಗಳು ಹೆಚ್ಚು ಕಡಿಮೆ ಒಂದೇ: ಹಿಂಸೆ ಮನೆಯೊಳಗೆ ಬಂದಾಗ ಏನಾಗುತ್ತದೆ, ಬಲಶಾಲಿಯಾದವನು ನೋವನ್ನು ಎಲ್ಲಿ ಬಚ್ಚಿಡುತ್ತಾನೆ ಎಂಬುದು. ಆದರೂ ಪುಸ್ತಕಗಳು ಮೂರೂ ಬೇರೆ ಬೇರೆಯೇ.

2015ರ ಕೊನೆಯಲ್ಲಿ ಆರಂಭವಾಗಿ 12 ಸಂಚಿಕೆಗಳಲ್ಲಿ ಮುಗಿದ ವಿಷನ್‌ನಲ್ಲಿ ಕೃತಕ ಮಾನವನೊಬ್ಬ ತನಗಾಗಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಸೃಷ್ಟಿಸಿಕೊಂಡು ವರ್ಜೀನಿಯಾದ ಬಡಾವಣೆಯೊಂದರಲ್ಲಿ ಎಲ್ಲರಂತೆ ಬಾಳಲು ಪ್ರಯತ್ನಿಸುತ್ತಾನೆ. ಆಬ್ಸಲ್ಯೂಟ್ ಬ್ಯಾಟ್‌ಮನ್‌ನಲ್ಲಿ ಕಂಡ ವಾಲ್ಟಾ ಅವರೇ ಇದರ ಮುಖ್ಯ ಚಿತ್ರಕಾರರು, ಇಲ್ಲಿ ಅಬ್ಬರವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದಾರೆ. ಹುಲ್ಲುಹಾಸು, ಅಂಚೆಪೆಟ್ಟಿಗೆ, ಊಟದ ಮೇಜು ಇವೆಲ್ಲ ಎಷ್ಟು ಸಾಧಾರಣವಾಗಿ ಕಾಣುತ್ತವೆಯೆಂದರೆ ಅದೇ ಸಾಧಾರಣತೆ ಭಯ ಹುಟ್ಟಿಸುತ್ತದೆ.

ಮಿಸ್ಟರ್ ಮಿರಾಕಲ್ 2017ರಿಂದ 2018ರವರೆಗೆ 12 ಸಂಚಿಕೆಗಳಲ್ಲಿ ಬಂತು. 1971ರಲ್ಲಿ ಜ್ಯಾಕ್ ಕರ್ಬಿ ಸೃಷ್ಟಿಸಿದ ಈ ಪಾತ್ರ, ಎಂಥ ಬಂಧನದಿಂದಲಾದರೂ ಪಾರಾಗುವ ಕಲಾವಿದ. ಮಿಚ್ ಗೆರಾಡ್ಸ್ ಇಡೀ ಕೃತಿಯ ಚಿತ್ರ ಮತ್ತು ಬಣ್ಣ ಎರಡನ್ನೂ ಒಬ್ಬರೇ ನಿರ್ವಹಿಸಿದ್ದಾರೆ, ಮತ್ತು ಬಹುತೇಕ ಪ್ರತಿ ಪುಟವನ್ನೂ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಸಮಾನ ಚೌಕಟ್ಟುಗಳಾಗಿ ಬಿಗಿದಿದ್ದಾರೆ. ಪಾರಾಗುವುದನ್ನೇ ಕಸುಬು ಮಾಡಿಕೊಂಡವನನ್ನು ಪುಟವೇ ಕಂಬಿಗಳ ಹಿಂದೆ ಕೂಡಿಹಾಕಿದಂತೆ ಕಾಣುತ್ತದೆ. ಆರನೆಯ ಸಂಚಿಕೆಯಲ್ಲಿ ನಾಯಕ ಸ್ಕಾಟ್ ಮತ್ತು ಅವನ ಹೆಂಡತಿ ಬಾರ್ಡಾ ಕಾವಲುಗಾರರನ್ನು ಹೊಡೆದುರುಳಿಸುತ್ತಾ, ಬಲೆಗಳನ್ನು ದಾಟುತ್ತಾ, ಸಾವಿನ ಅಂಚಿನಲ್ಲಿ ಮುಂದೆ ಸಾಗುತ್ತಾರೆ. ಆದರೆ ಅವರಿಬ್ಬರ ನಡುವೆ ನಡೆಯುತ್ತಿರುವ ಮಾತೆಲ್ಲ ಮನೆಯ ಒಳವಿನ್ಯಾಸವನ್ನು ಹೇಗೆ ಬದಲಾಯಿಸಬೇಕು ಎಂಬುದರ ಬಗ್ಗೆ. ಚಿತ್ರದಲ್ಲಿ ಯುದ್ಧ, ಮಾತಿನ ಗುಳ್ಳೆಗಳಲ್ಲಿ ಸಂಸಾರ. ಬಾರ್ಡಾಗೆ ಮನೆಯಲ್ಲಿ ಹೆಚ್ಚು ಜಾಗ ಯಾಕೆ ಬೇಕಾಗಿದೆ ಎಂಬುದು ಕೊನೆಯಲ್ಲಿ ತಿಳಿದಾಗ, ಅಲ್ಲಿಯವರೆಗೆ ಓದಿದ ಮಾತುಗಳ ಅರ್ಥವೆಲ್ಲ ಒಮ್ಮೆಗೇ ಬದಲಾಗುತ್ತದೆ. ಸಿನಿಮಾ ಇದನ್ನು ಈ ರೀತಿಯಲ್ಲಿ ಮಾಡಲಾರದು, ಕಾದಂಬರಿಯೂ ಮಾಡಲಾರದು. ಓದುವ ಕಣ್ಣು ಚಿತ್ರಕ್ಕೂ ಮಾತಿಗೂ ನಡುವೆ ತಾನೇ ಓಡಾಡಬೇಕು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು: ಕಥೆ ಆರಂಭವಾಗುವುದೇ ನಾಯಕನ ಆತ್ಮಹತ್ಯೆಯ ಪ್ರಯತ್ನದಿಂದ. ಮನಸ್ಸು ದುರ್ಬಲವಾಗಿರುವ ದಿನಗಳಲ್ಲಿ ಇದನ್ನು ಎತ್ತಿಕೊಳ್ಳುವುದು ಬೇಡ.

ಮೂರನೆಯದು 2021ರಿಂದ 2022ರವರೆಗೆ ಎಂಟು ಸಂಚಿಕೆಗಳಲ್ಲಿ ಬಂದ ಸೂಪರ್‌ಗರ್ಲ್: ವುಮನ್ ಆಫ್ ಟುಮಾರೊ. ಬ್ರೆಜಿಲ್‌ನ ಬಿಲ್ಕಿಸ್ ಎವೆಲಿ ಎಂಟನ್ನೂ ಚಿತ್ರಿಸಿದ್ದಾರೆ, ಮಥೇಯಸ್ ಲೋಪೆಸ್ ಬಣ್ಣ ಕೊಟ್ಟಿದ್ದಾರೆ. ತಂದೆಯನ್ನು ಕೊಂದವನನ್ನು ಹುಡುಕಿ ಹೊರಟ ರೂಥಿ ಎಂಬ ಹುಡುಗಿ ಸೂಪರ್‌ಗರ್ಲ್‌ಳ ನೆರವು ಕೇಳುತ್ತಾಳೆ, ಮುಂದೆ ವಯಸ್ಸಾದ ಮೇಲೆ ಅದೇ ಕಥೆಯನ್ನು ಹಳೆಯ ಕಾಲದ ಗಂಭೀರ ಭಾಷೆಯಲ್ಲಿ ನಮಗೆ ಹೇಳುತ್ತಾಳೆ. ಮಿಸ್ಟರ್ ಮಿರಾಕಲ್‌ನ ಒಂಬತ್ತು ಕಂಬಿಗಳಿಂದ ಇಲ್ಲಿಗೆ ಬಂದವರಿಗೆ ಕಿಟಕಿ ತೆರೆದಂತಾಗುತ್ತದೆ. ಎವೆಲಿ ಅವರ ಗೆರೆ ಕೂದಲೆಳೆಯಷ್ಟು ಸೂಕ್ಷ್ಮ. ಬಟ್ಟೆಯ ಮಡಿಕೆ, ಗ್ರಹದ ಮೇಲಿನ ಗಿಡಗಂಟಿ, ಸವೆದುಹೋದ ಬಾಹ್ಯಾಕಾಶ ಬಸ್ಸಿನ ಆಸನ ಯಾವುದನ್ನೂ ಅವರು ಉಡಾಫೆಯಿಂದ ಬಿಟ್ಟಿಲ್ಲ. ಸೂಪರ್‌ಹೀರೋ ಕಥೆಯನ್ನೂ ವೈಜ್ಞಾನಿಕ ಕಥೆಯನ್ನೂ ಒಂದೇ ಪುಸ್ತಕದಲ್ಲಿ ಬಯಸುವವರಿಗೆ, ಇದುವರೆಗೆ ಒಂದೂ ಕಾಮಿಕ್ಸ್ ಓದದವರಿಗೆ, ಒಂದೇ ಒಂದನ್ನು ಹೆಸರಿಸಿ ಎಂದು ಕೇಳಿದರೆ ನಾನು ಹೆಸರಿಸುವುದು ಇದನ್ನು.

ಇದರ ಪಕ್ಕದಲ್ಲಿಡಬಹುದಾದ ಇನ್ನೊಂದು ಕೃತಿ ಫಾರ್ ಸೆಕ್ಟರ್. ವೈಜ್ಞಾನಿಕ ಕಾದಂಬರಿಗಳಿಗೆ ಹೆಸರಾದ ಎನ್. ಕೆ. ಜೆಮಿಸಿನ್ ಬರೆದ, ಗ್ರೀನ್ ಲ್ಯಾಂಟರ್ನ್ ಎಂಬ ಬಾಹ್ಯಾಕಾಶ ಕಾವಲುಪಡೆಯ ಈ ಕಥೆ 2019ರಿಂದ 2021ರವರೆಗೆ 12 ಸಂಚಿಕೆಗಳಲ್ಲಿ ಬಂತು, 2022ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೊ ಪ್ರಶಸ್ತಿ ಪಡೆಯಿತು. ಮೂರು ಜೀವಜಾತಿಗಳು ಕೂಡಿ ಬಾಳಲೆಂದು ತಮ್ಮ ಭಾವನೆಗಳನ್ನೇ ಅದುಮಿಕೊಂಡಿರುವ ಒಂದು ಮಹಾನಗರ. ಅಲ್ಲಿ 500 ವರ್ಷಗಳಲ್ಲೇ ಮೊದಲನೆಯದಾದ ಕೊಲೆ. ಅದನ್ನು ತನಿಖೆ ಮಾಡಬೇಕಾದವಳು ಭೂಮಿಯಿಂದ ಬಂದ ಜೋ ಮಲೀನ್. ಜಮಾಲ್ ಕ್ಯಾಂಪ್‌ಬೆಲ್ 12 ಸಂಚಿಕೆಗಳ ಚಿತ್ರವನ್ನೂ ಬಣ್ಣವನ್ನೂ ಒಬ್ಬರೇ ನಿಭಾಯಿಸಿದ್ದಾರೆ, ಹಾಗಾಗಿ ಆ ನಗರದ ಬೀದಿಗಳು ನಮಗೆ ನಿಧಾನವಾಗಿ ಪರಿಚಯವಾಗುತ್ತಾ ಹೋಗುತ್ತವೆ. ಜೆಮಿಸಿನ್ ಅವರ ಬರವಣಿಗೆಯಲ್ಲಿ ಕಾದಂಬರಿಕಾರರ ಅಭ್ಯಾಸಬಲವೂ ಕಾಣುತ್ತದೆ; ಮೊದಲ ಕೆಲವು ಸಂಚಿಕೆಗಳಲ್ಲಿ ವಿವರಣೆ ಹೆಚ್ಚು, ಹೆಸರುಗಳು ಹೆಚ್ಚು. ತಾಳ್ಮೆಯಿಂದ ನಾಲ್ಕನೆಯ ಸಂಚಿಕೆ ದಾಟಿದವರಿಗೆ ಆ ವಿವರಗಳೆಲ್ಲ ತನಿಖೆಯ ಸುಳಿವುಗಳಾಗಿ ಮರಳಿ ಬರುತ್ತವೆ.

ಸೂಪರ್‌ಹೀರೋಗಳಿಲ್ಲದ ಬಾಹ್ಯಾಕಾಶ

ವೈಜ್ಞಾನಿಕ ಕಥೆಯನ್ನಷ್ಟೇ ಬಯಸುವವರಿಗೆ ಎಲ್ಲರೂ ಮೊದಲು ಸೂಚಿಸುವುದು ಸಾಗಾ. ಬ್ರಯಾನ್ ಕೆ. ವಾನ್ ಮತ್ತು ಫಿಯೋನಾ ಸ್ಟೇಪಲ್ಸ್ 2012ರಲ್ಲಿ ಆರಂಭಿಸಿದ ಈ ಕಥೆ, ಪರಸ್ಪರ ಯುದ್ಧದಲ್ಲಿರುವ ಎರಡು ಲೋಕಗಳ ಸೈನಿಕರಿಬ್ಬರು ಪ್ರೀತಿಸಿ, ಮದುವೆಯಾಗಿ, ಹುಟ್ಟಿದ ಮಗುವನ್ನು ಎತ್ತಿಕೊಂಡು ಬ್ರಹ್ಮಾಂಡವಿಡೀ ಓಡುವ ಕಥೆ. ಹೇಳುತ್ತಿರುವವಳು ಆ ಮಗು ಹೇಜಲ್, ದೊಡ್ಡವಳಾದ ಮೇಲೆ. ಅವಳ ನಿರೂಪಣೆಯ ಸಾಲುಗಳು ಪೆಟ್ಟಿಗೆಯೊಳಗೆ ಕೂತಿಲ್ಲ. ಸ್ಟೇಪಲ್ಸ್ ತಮ್ಮ ಕೈಬರಹದಲ್ಲೇ ಅವನ್ನು ಚಿತ್ರದ ಮೇಲೆ ನೇರವಾಗಿ ಬರೆದಿದ್ದಾರೆ. ಮೊದಲ ಸಲ ಓದುವಾಗ ಇದು ಗಮನಕ್ಕೆ ಬರುವುದಿಲ್ಲ. ಎರಡನೆಯ ಸಲ ಓದುವಾಗ, ಒಬ್ಬ ಮಗಳು ತನ್ನ ಹೆತ್ತವರ ಫೋಟೋ ಆಲ್ಬಂ ಮೇಲೆ ತಾನೇ ಟಿಪ್ಪಣಿ ಬರೆದಿಟ್ಟಂತೆ ಆ ಅಕ್ಷರಗಳು ಕಾಣತೊಡಗುತ್ತವೆ, ಮತ್ತು ಮುಂದೆ ಬರಲಿರುವ ಸಾವುಗಳ ಬಗ್ಗೆ ಅವಳು ಅಲ್ಲಲ್ಲಿ ಮೊದಲೇ ಹೇಳಿಬಿಡುವ ಒಂದೊಂದು ಸಾಲೂ ಹೆಚ್ಚು ಭಾರವಾಗುತ್ತದೆ.

ಸಾಗಾದ ಕಷ್ಟವಿರುವುದು ಅದರ ಉದ್ದದಲ್ಲಿ. 54ನೆಯ ಸಂಚಿಕೆಯ ನಂತರ 2018ರಲ್ಲಿ ನಿಂತ ಕಥೆ 2022ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಒಟ್ಟು 108 ಸಂಚಿಕೆಗಳು ಎಂಬುದು ಲೇಖಕರ ಯೋಜನೆ, ಈಗ 70ನ್ನು ದಾಟಿದೆ. ಅಷ್ಟೂ ಪುಟಗಳನ್ನು ಸ್ಟೇಪಲ್ಸ್ ಒಬ್ಬರೇ ಚಿತ್ರಿಸಿದ್ದಾರೆ, ಬೇರೆ ಯಾರನ್ನೂ ಒಳಗೆ ಬಿಟ್ಟಿಲ್ಲ, ಕಾಯುವಿಕೆಗೆ ಕಾರಣವೂ ಅದೇ. ಆ ಕಾಯುವಿಕೆಯನ್ನು ನಾನು ಸಂತೋಷದಿಂದ ಸಹಿಸುತ್ತೇನೆ. ಇದು ವಯಸ್ಕರಿಗೆ ಮಾತ್ರ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಲೈಂಗಿಕತೆ ಮತ್ತು ಹಿಂಸೆ ಎರಡನ್ನೂ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ, ಹದಿಹರೆಯದವರ ಕೈಗೆ ಹಾಗೆಯೇ ಕೊಡುವಂಥದ್ದಲ್ಲ.

ಅಷ್ಟು ದೂರ ನಡೆಯಲಾರೆ ಎನ್ನುವವರಿಗೆ ಡಿಸೆಂಡರ್ ಇದೆ. ಜೆಫ್ ಲೆಮೈರ್ ಮತ್ತು ಡಸ್ಟಿನ್ ನುಯೆನ್ ಅವರ ಈ ಕೃತಿ 2015ರಿಂದ 2018ರವರೆಗೆ 32 ಸಂಚಿಕೆಗಳಲ್ಲಿ ಬಂದಿದೆ. ದೈತ್ಯ ಯಂತ್ರಗಳ ದಾಳಿಯ ನಂತರ ರೋಬೋಗಳನ್ನೆಲ್ಲ ನಾಶಮಾಡಲು ಹೊರಟ ಲೋಕದಲ್ಲಿ, ಹತ್ತು ವರ್ಷಗಳ ನಿದ್ದೆಯಿಂದ ಏಳುವ ಟಿಮ್-21 ಎಂಬ ಬಾಲಕ ರೋಬೋನ ಕಥೆ ಇದು. ನುಯೆನ್ ಇದನ್ನು ಜಲವರ್ಣದಲ್ಲಿ ಬಿಡಿಸಿದ್ದಾರೆ. ಲೋಹ, ಯಂತ್ರ, ನೌಕೆಗಳ ಕಥೆಗೆ ನೀರಿನ ಬಣ್ಣ ಹೊಂದೀತೇ ಎಂದು ಮೊದಲು ಅನುಮಾನವಿತ್ತು. ಆದರೆ ಕಾಗದದಲ್ಲಿ ಹರಡಿ ಅಂಚು ಮಸುಕಾದ ಆ ಬಣ್ಣಗಳೇ ಟಿಮ್‌ನನ್ನು ಯಂತ್ರವೆಂದು ಒಪ್ಪಿಕೊಳ್ಳಲು ಮನಸ್ಸಿಗೆ ಬಿಡುವುದಿಲ್ಲ. ಕಥೆಯ ಮಟ್ಟಿಗೆ ಹೇಳುವುದಾದರೆ ಸಾಗಾದಲ್ಲಿರುವ ಹಾಸ್ಯ ಇದರಲ್ಲಿಲ್ಲ, ಸಂಭಾಷಣೆಯೂ ಅಷ್ಟು ಚುರುಕಲ್ಲ. ಕೊನೆ ಮುಟ್ಟಿದ ಮೇಲೂ ಕಥೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, 2019ರಲ್ಲಿ ಆರಂಭವಾದ ಅಸೆಂಡರ್ ಎಂಬ ಮುಂದುವರಿಕೆಯ ಕಡೆಗೆ ಕೈ ತೋರಿಸುತ್ತದೆ. ಆ ಮುಂದುವರಿಕೆಯಲ್ಲಿ ಯಂತ್ರಗಳ ಜಾಗಕ್ಕೆ ಮಾಂತ್ರಿಕತೆ ಬರುತ್ತದೆ; ನನಗೆ ಮೊದಲನೆಯದರಷ್ಟು ಅದು ಹಿಡಿಸಲಿಲ್ಲ.

ಒಂದೇ ಸಂಪುಟದಲ್ಲಿ ಎಲ್ಲವೂ ಮುಗಿಯಬೇಕೆಂದರೆ ಟಿಲ್ಲಿ ವಾಲ್ಡನ್ ಅವರ ಆನ್ ಎ ಸನ್‌ಬೀಮ್. ಮೊದಲು ಜಾಲದಲ್ಲಿ ಕಂತುಗಳಾಗಿ ಬಂದು 2018ರಲ್ಲಿ ಪುಸ್ತಕವಾದ, 500ಕ್ಕೂ ಹೆಚ್ಚು ಪುಟಗಳ ಕೃತಿ. ಬಾಹ್ಯಾಕಾಶದಲ್ಲಿ ಪಾಳುಬಿದ್ದ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಚಿಕ್ಕ ತಂಡವೊಂದು ಮೀನಿನ ಆಕಾರದ ನೌಕೆಯಲ್ಲಿ ಸಂಚರಿಸುತ್ತದೆ. ತಂಡಕ್ಕೆ ಹೊಸದಾಗಿ ಸೇರಿದ ಮಿಯಾ ಶಾಲಾದಿನಗಳಲ್ಲಿ ಕಳೆದುಕೊಂಡ ಗೆಳತಿಯನ್ನು ಮರೆಯಲಾರಳು. ಯುದ್ಧನೌಕೆಗಳ ಗದ್ದಲಕ್ಕಾಗಿ ಹುಡುಕುವವರಿಗೆ ಇಲ್ಲಿ ಏನೂ ಸಿಗದು. ಬರೆದವರೂ ಚಿತ್ರಿಸಿದವರೂ ಒಬ್ಬರೇ ಆದ್ದರಿಂದ ಮಾತು ಎಲ್ಲಿ ನಿಲ್ಲಬೇಕು, ಚಿತ್ರ ಎಲ್ಲಿ ಮುಂದುವರಿಯಬೇಕು ಎಂಬ ನಿರ್ಧಾರ ಒಂದೇ ಮನಸ್ಸಿನಿಂದ ಬಂದದ್ದು ಪುಟಪುಟದಲ್ಲೂ ಗೊತ್ತಾಗುತ್ತದೆ. ಮಾತೇ ಇಲ್ಲದೆ ಸಾಗುವ ಪುಟಗಳು ಇದರ ಜೀವಾಳ.

ಸಂಚಿಕೆಯೋ, ಸಂಪುಟವೋ, ಪರದೆಯೋ

ಮಾರ್ವೆಲ್ ಮತ್ತು ಡಿಸಿಯ ಮುಖ್ಯ ಸರಣಿಗಳಿಗೆ ಇಳಿಯುವವರು ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಮುಖಪುಟದ ಮೇಲೆ 1 ಎಂದು ಅಚ್ಚಾಗಿದ್ದ ಮಾತ್ರಕ್ಕೆ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ ಎಂದು ತಿಳಿಯಬಾರದು. ಲೇಖಕರು ಬದಲಾದಾಗಲೆಲ್ಲ ಸಂಖ್ಯೆಯನ್ನು ಹೊಸದಾಗಿ ಆರಂಭಿಸುವುದು ರೂಢಿಯಾಗಿದೆ. ಎಕ್ಸ್‌ಮೆನ್ ಓದಬಯಸುವವರಿಗೆ 2019ರಲ್ಲಿ ಹಿಕ್‌ಮನ್ ಬರೆದ ಹೌಸ್ ಆಫ್ ಎಕ್ಸ್ ಮತ್ತು ಪವರ್ಸ್ ಆಫ್ ಎಕ್ಸ್ ಉತ್ತಮ ಬಾಗಿಲು. ಪೆಪೆ ಲರಾಜ್ ಮತ್ತು ಆರ್. ಬಿ. ಸಿಲ್ವಾ ಮುಖ್ಯವಾಗಿ ಚಿತ್ರಿಸಿದ ಈ 12 ಸಂಚಿಕೆಗಳನ್ನು ಒಂದೇ ಸಂಪುಟದಲ್ಲಿ, ಪ್ರಕಟವಾದ ಕ್ರಮದಲ್ಲೇ ಓದಬೇಕು. ಅಲ್ಲಿಂದ ಮುಂದೆ 2024ರವರೆಗೆ ಹಬ್ಬಿದ ಹತ್ತಾರು ಸರಣಿಗಳನ್ನೆಲ್ಲ ಬೆನ್ನಟ್ಟಬೇಕೆಂದು ನಾನು ಯಾರಿಗೂ ಹೇಳಲಾರೆ. ನಾನೂ ಅರ್ಧದಲ್ಲಿ ಕೈಬಿಟ್ಟೆ.

ತಿಂಗಳ ಸಂಚಿಕೆ, ಐದಾರು ಸಂಚಿಕೆಗಳನ್ನು ಕಟ್ಟಿದ ಸಂಪುಟ, ಪರದೆಯ ಮೇಲಿನ ಪ್ರತಿ ಇವುಗಳಲ್ಲಿ ಯಾವುದು ಮೇಲು ಎಂಬುದು ಕೃತಿಯನ್ನು ಅವಲಂಬಿಸಿದೆ. ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಅನ್ನು ನಾನು ಸಂಚಿಕೆಗಳ ನಡುವೆ ಬಿಡುವು ಕೊಟ್ಟು ಓದಲು ಹೇಳುತ್ತೇನೆ. ಸಂಪುಟವೇ ಕೈಯಲ್ಲಿದ್ದರೂ ದಿನಕ್ಕೊಂದು ಸಂಚಿಕೆ ಸಾಕು. ಮಿಸ್ಟರ್ ಮಿರಾಕಲ್ ಚೌಕಟ್ಟುಗಳು ಸಮಾನವಾಗಿರುವುದರಿಂದ ಚಿಕ್ಕ ಪರದೆಯ ಮೇಲೂ ಹೆಚ್ಚು ನಷ್ಟವಾಗುವುದಿಲ್ಲ. ಆಬ್ಸಲ್ಯೂಟ್ ವಂಡರ್ ವುಮನ್ ಹಾಗಲ್ಲ. ಚೌಕಟ್ಟಿನಿಂದ ಚೌಕಟ್ಟಿಗೆ ತಾನೇ ಜಾರಿಸಿಕೊಂಡು ಹೋಗುವ ವ್ಯವಸ್ಥೆಯಲ್ಲಿ ಓದಿದರೆ ಶರ್ಮನ್ ಕಟ್ಟಿದ ಪುಟವೇ ಮಾಯವಾಗುತ್ತದೆ.

ಟಾಮ್ ಟೇಲರ್ ಮತ್ತು ಬ್ರೂನೊ ರೆಡಾಂಡೊ ಅವರ ನೈಟ್‌ವಿಂಗ್ ಸರಣಿಯ 87ನೆಯ ಸಂಚಿಕೆಯಲ್ಲಿ ಈ ವಿಚಾರ ಇನ್ನೂ ಮುಖ್ಯವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಬಂದ ಈ ಸಂಚಿಕೆಯ ಪುಟಗಳನ್ನೆಲ್ಲ ಅಂಚಿಗೆ ಅಂಚು ಸೇರಿಸಿ ಜೋಡಿಸಿದರೆ ಒಂದೇ ಒಂದು ಉದ್ದನೆಯ ಚಿತ್ರವಾಗುತ್ತದೆ. ಕದ್ದೊಯ್ದ ನಾಯಿಮರಿಯನ್ನು ಹುಡುಕಿಕೊಂಡು ನಾಯಕ ನಗರದುದ್ದಕ್ಕೂ ಓಡುತ್ತಾನೆ. ಒಂದೇ ಚಿತ್ರದಲ್ಲಿ ಅವನು ಹತ್ತಾರು ಕಡೆ ಕಾಣಿಸಿಕೊಳ್ಳುತ್ತಾನೆ, ಜಿಗಿಯುವ ಮೊದಲು ಒಂದು, ಗಾಳಿಯಲ್ಲಿ ಒಂದು, ನೆಲ ಮುಟ್ಟಿದ ಮೇಲೆ ಇನ್ನೊಂದು. ಕಾಲ ಇಲ್ಲಿ ಎಡದಿಂದ ಬಲಕ್ಕೆ ಹರಿಯುವ ಜಾಗವಾಗಿಬಿಟ್ಟಿದೆ. ಇದನ್ನು ಪರದೆಯ ಮೇಲೆ ಓದುವುದಾದರೆ ಟ್ಯಾಬ್ಲೆಟ್ ಅನ್ನು ಅಡ್ಡಲಾಗಿ ಹಿಡಿದು, ಎರಡು ಪುಟಗಳು ಒಟ್ಟಿಗೆ ಕಾಣುವಂತೆ ಇಟ್ಟುಕೊಳ್ಳಿ. ಅಚ್ಚಿನ ಪ್ರತಿ ಕೈಗೆ ಸಿಕ್ಕರೆ ಪ್ರತಿ ಪುಟ ತಿರುಗಿಸುವಾಗಲೂ ಹಿಂದಿನ ಪುಟದ ಬಲ ಅಂಚಿನಲ್ಲಿ ಕಟ್ಟಡ ಎಲ್ಲಿ ಕತ್ತರಿಸಿತ್ತು ಎಂಬುದನ್ನು ಗಮನಿಸಿ. ಮುಂದಿನ ಪುಟದ ಎಡ ಅಂಚಿನಲ್ಲಿ ಅದೇ ಗೋಡೆ, ಅದೇ ಎತ್ತರದಲ್ಲಿ, ನಿಮಗಾಗಿ ಕಾದಿರುತ್ತದೆ.